ಸಿಗ್ನಲ್ ಫೇಲ್ ಆಯ್ತು ಅಂದ್ರೆ ಏನಾಯ್ತು?

'ತಾಂತ್ರಿಕ ದೋಷದಿಂದ ಸೇವೆಯಲ್ಲಿ ವ್ಯತ್ಯಯ.' ಈ ಅನೌನ್ಸ್‌ಮೆಂಟ್ ಕೇಳಿ ಪ್ಲಾಟ್‌ಫಾರ್ಮಲ್ಲಿ ಹಲ್ಲು ಕಡಿದವರು ಇಲ್ಲಿ ಎಷ್ಟು ಜನ ಇದೀರಿ, ಕೈ ಎತ್ತಿ. ಹ್ಞಾಂ, ಹೆಚ್ಚುಕಮ್ಮಿ ಎಲ್ರೂ. ಈಗ ಇನ್ನೊಂದು ಕೇಳ್ತೀನಿ, ಆ ದೋಷ ಏನು ಅಂತ ಯಾರಾದ್ರೂ ನಿಮಗೆ ಹೇಳಿದಾರಾ? ನೋಡಿ, ಒಂದು ಕೈನೂ ಏಳಲಿಲ್ಲ.

ನಾನು ಮೂವತ್ತು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇದ್ದವನು. ಮೆಟ್ರೋದವನಲ್ಲ, ದೊಡ್ಡ ರೈಲಿನವನು. ಆದ್ರೆ ನಮ್ಮ ಮನೆಯವರ ಲೆಕ್ಕದಲ್ಲಿ ಪ್ರಪಂಚದಲ್ಲಿ ಎಲ್ಲೇ ರೈಲು ನಿಂತ್ರೂ ಅದು ನನ್ನ ತಪ್ಪು. ನನ್ನ ತಂಗಿ ಮಗ ಒಬ್ಬ ಇದಾನೆ, ಬೇರೆ ಊರಲ್ಲಿ ಕೆಲಸ, ಮೆಟ್ರೋ ಇರೋ ಊರುಗಳು ಈಗ ದೇಶದಲ್ಲಿ ಬೇಕಾದಷ್ಟಿವೆ, ಯಾವುದು ಅಂತ ಕೇಳ್ಬೇಡಿ. ಅವನು ಒಂದಿನ ಬೆಳಿಗ್ಗೆ ರೈಲಿನ ಒಳಗಿಂದಲೇ ಫೋನ್ ಮಾಡ್ದ. ಎರಡು ಸ್ಟೇಷನ್ ಮಧ್ಯೆ ನಿಂತು ನಲ್ವತ್ತು ನಿಮಿಷ ಆಗಿದೆ, ಯಾರೂ ಏನೂ ಹೇಳ್ತಿಲ್ಲ, "ಮಾವ, ಸಿಗ್ನಲ್ ಕೆಟ್ಟಿದೆಯಂತೆ, ಒಂದು ಬಲ್ಬ್ ಬದಲಾಯಿಸೋಕೆ ಇಷ್ಟ್ ಹೊತ್ತು ಬೇಕಾ?" ಅಂದ.

ನಗು ಬಂತು, ಆಮೇಲೆ ಬೇಜಾರೂ ಆಯ್ತು. ಓದಿದ ಹುಡುಗ, ದಿನಾ ಎರಡು ಹೊತ್ತು ಅದರಲ್ಲೇ ಓಡಾಡ್ತಾನೆ, ಅವನ ತಲೇಲಿ ಸಿಗ್ನಲ್ ಅಂದ್ರೆ ಇನ್ನೂ ಟೌನ್ ಹಾಲ್ ಸರ್ಕಲ್‌ನ ಕೆಂಪು ದೀಪ. ತಪ್ಪು ಅವನದಲ್ಲ, ನಾವು ಯಾವತ್ತೂ ಹೇಳೇ ಇಲ್ವಲ್ಲ. ಅದಕ್ಕೇ ಇವತ್ತು ಈ ಸಾಮಾನು ತಂದಿದೀನಿ.

ಟೇಬಲ್ ಮೇಲೆ ನೋಡಿ, ಹಿಂದೆ ಕೂತಿರೋರು ಸ್ವಲ್ಪ ಎದ್ದು ನೋಡಿ ಪರವಾಗಿಲ್ಲ. ಎರಡು ಸ್ಟೀಲ್ ಸ್ಕೇಲ್, ಇವು ಹಳಿಗಳು. ಈ ತುದೀಲಿ ಟಾರ್ಚ್ ಸೆಲ್, ಜೊತೆಗೆ ಸೆಲ್ ಬಿಸಿಯಾಗದ ಹಾಗೆ ಒಂದು ಚಿಕ್ಕ ರೆಸಿಸ್ಟರ್. ಆ ತುದೀಲಿ ಪುಟ್ಟ ಬಲ್ಬ್. ಕರೆಂಟ್ ಒಂದು ಸ್ಕೇಲಲ್ಲಿ ಹೋಗಿ ಬಲ್ಬ್ ಹತ್ತಿಸಿ ಇನ್ನೊಂದು ಸ್ಕೇಲಲ್ಲಿ ವಾಪಸ್ ಬರ್ತಾ ಇದೆ. ಬಲ್ಬ್ ಉರೀತಿದೆ ಅಂದ್ರೆ ಹಳಿ ಖಾಲಿ. ಈಗ ನಮ್ಮನೆ ಬೀಗದ ಕೈ ತಗೊಂಡು ಎರಡು ಸ್ಕೇಲಿಗೂ ತಾಗೋ ಹಾಗೆ ಅಡ್ಡ ಇಡ್ತೀನಿ, ಇದು ರೈಲಿನ ಗಾಲಿ. ಬಲ್ಬ್ ಆರಿತು. ಕರೆಂಟಿಗೆ ಹತ್ತಿರದ ದಾರಿ ಸಿಕ್ತು, ಅಲ್ಲಿಂದಲೇ ತಿರುಗಿ ಹೋಯ್ತು, ಬಲ್ಬ್ ತನಕ ತಲುಪಲೇ ಇಲ್ಲ. ಬಲ್ಬ್ ಆರಿದೆ ಅಂದ್ರೆ ಹಳಿ ಮೇಲೆ ರೈಲಿದೆ. ಇದಕ್ಕೆ ಟ್ರ್ಯಾಕ್ ಸರ್ಕ್ಯೂಟ್ ಅಂತಾರೆ. ಅಸಲಿ ಹಳಿಯಲ್ಲಿ ಬಲ್ಬ್ ಜಾಗದಲ್ಲಿ ರಿಲೇ, ಅಂದ್ರೆ ಕರೆಂಟಿಂದ ನಡೆಯೋ ಒಂದು ಸ್ವಿಚ್ಚು ಇರುತ್ತೆ, ಅಷ್ಟೇ ವ್ಯತ್ಯಾಸ. ವಿಲಿಯಂ ರಾಬಿನ್‌ಸನ್ ಅಂತ ಅಮೆರಿಕದವನು 1872ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ನೂರೈವತ್ತು ವರ್ಷ ದಾಟಿದೆ, ಇವತ್ತಿಗೂ ಇದೇ ತತ್ವ ಎಷ್ಟೋ ಊರಲ್ಲಿ ನಡೀತಿದೆ.

ಈಗ ಮುಖ್ಯ ವಿಷಯ. ಬೀಗದ ಕೈ ತೆಗೆದೆ, ಬಲ್ಬ್ ಹತ್ತಿತು. ಈ ವೈರ್ ಕಿತ್ತೆ. ಏನಾಯ್ತು? ಬಲ್ಬ್ ಆರಿತು. ಸೆಲ್ ತೆಗೀತೀನಿ, ಆಗಲೂ ಆರುತ್ತೆ. ಹಳಿ ಮುರಿದ್ರೂ ಅಷ್ಟೇ. ಅಂದ್ರೆ ಆ ಕಡೆ ಕೂತಿರೋ ಪೆಟ್ಟಿಗೆಗೆ ವೈರ್ ಕಿತ್ತುಹೋಗಿದ್ದೂ ಒಂದೇ, ಎದುರಿಗೆ ರೈಲು ನಿಂತಿದ್ದೂ ಒಂದೇ. ತನಗೆ ಗೊತ್ತಾಗದೇ ಇದ್ದಾಗೆಲ್ಲ ಅದು 'ಅಲ್ಲಿ ರೈಲಿದೆ, ಬರಬೇಡ' ಅಂತಲೇ ಹೇಳುತ್ತೆ. ರಾಬಿನ್‌ಸನ್ ಮೊದಲು ಮಾಡಿದ್ದು ಇದಕ್ಕೆ ಉಲ್ಟಾ ಇತ್ತು, ರೈಲು ಬಂದಾಗ ಕರೆಂಟ್ ಹರಿಯೋ ಥರ. ಅದರಲ್ಲಿ ವೈರ್ ಕಿತ್ತುಹೋದ್ರೆ ಲೈನ್ ಖಾಲಿ ಅಂತ ಸುಳ್ಳು ಹೇಳ್ತಿತ್ತು. ಅದನ್ನ ಬಿಟ್ಟು ಹೀಗೆ ತಿರುಗಿಸಿದ. ನಮ್ಮ ಸಿಗ್ನಲ್ ರಿಲೇಗಳೂ ಹಾಗೇ, ಕರೆಂಟ್ ಇದ್ದಷ್ಟು ಹೊತ್ತು ಮೇಲೆ ಹಿಡ್ಕೊಂಡಿರುತ್ತೆ, ಹೋದ್ರೆ ತನ್ನ ಭಾರಕ್ಕೇ ಕೆಳಗೆ ಬೀಳುತ್ತೆ. ಭೂಮಿಯ ಗುರುತ್ವ ಒಂದು ಮಾತ್ರ ಫೇಲ್ ಆಗಲ್ಲ ಅಂತ ನಂಬಿ ಮಾಡಿದ ವ್ಯವಸ್ಥೆ ಇದು. ಕೆಟ್ಟರೆ ಕೆಂಪು. ಕೆಲಸಕ್ಕೆ ಸೇರಿದ ದಿನ ನಮಗೆ ಕಲಿಸಿದ್ದು ಇದೊಂದೇ.

ಹಾಗಾಗಿ ಸಿಗ್ನಲ್ ಫೇಲ್ ಆಗಿ ರೈಲು ನಿಂತಿತು ಅಂದಾಗ ಅರ್ಥ ಏನು, ಸಿಗ್ನಲ್ ತನ್ನ ಕೆಲಸ ಮಾಡ್ತು ಅಂತ. ಬೈಕೊಳ್ಳಿ, ತಡ ಆಗಿದ್ದಕ್ಕೆ ಬೈಕೊಳ್ಳಲೇಬೇಕು, ಆದ್ರೆ ಹೆದರಬೇಡಿ.

ಏನೇನು ಕೈಕೊಡುತ್ತೆ ಅಂತ ಹೇಳೋಕೆ ಹೋದ್ರೆ ರಾತ್ರಿ ಆಗುತ್ತೆ. ಮಳೆ ನೀರು ನಿಂತ್ರೆ ಕರೆಂಟ್ ಸೋರಿ ಹೋಗುತ್ತೆ. ಹಳಿ ಹಳಿ ಮಧ್ಯೆ ಕರೆಂಟ್ ದಾಟದ ಹಾಗೆ ಇನ್ಸುಲೇಟೆಡ್ ಜಾಯಿಂಟ್ ಇರುತ್ತೆ, ಅಲ್ಲಿ ಕಬ್ಬಿಣದ ಪುಡಿ ಕೂತ್ರೆ ಮುಗೀತು. ಇಲಿ, ಕೇಬಲ್ ಅಂದ್ರೆ ಅದಕ್ಕೆ ಮೃಷ್ಟಾನ್ನ. ಕಳ್ಳರೂ ಇದಾರೆ, 2024ರ ಡಿಸೆಂಬರಲ್ಲಿ ದೆಹಲಿ ಮೆಟ್ರೋದ ಬ್ಲೂ ಲೈನಲ್ಲಿ ಮೋತಿ ನಗರ, ಕೀರ್ತಿ ನಗರದ ಮಧ್ಯೆ ಸಿಗ್ನಲ್ ಕೇಬಲ್ ಕದ್ದು ಇಡೀ ದಿನ ರೈಲು ತೆವಳಿದ್ವು.

ನನ್ನ ಸರ್ವಿಸಲ್ಲಿ ಮರೆಯೋಕೆ ಆಗದೇ ಇರೋ ಫೇಲ್ಯೂರ್ ಒಂದಿದೆ. ಸಣ್ಣ ಸ್ಟೇಷನ್, ಹೆಸರು ಬೇಡ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಟ್ರ್ಯಾಕ್ ಕೆಂಪಾಗೋದು. ಸ್ಟೇಷನ್ ಮಾಸ್ಟರ್ ಫೋನ್ ಮಾಡೋರು, ನಾನು ಟೂಲ್ ಬ್ಯಾಗ್ ಹೊತ್ಕೊಂಡು ಟ್ರಾಲಿ ಹಿಡಿದು ಹೋಗೋ ಹೊತ್ತಿಗೆ ತಾನಾಗೇ ಸರಿಹೋಗಿರೋದು. ಮೀಟರ್ ಹಾಕಿ ನೋಡ್ತೀನಿ, ಎಲ್ಲಾ ಸರಿ ಇದೆ. ಬ್ಯಾಟರಿ ಬದಲಾಯಿಸಿದೆ. ಲೊಕೇಷನ್ ಬಾಕ್ಸ್ ಪೂರ್ತಿ ಬಿಚ್ಚಿ ಜೋಡಿಸಿದೆ. ಮಾರನೇ ದಿನ ಹನ್ನೆರಡೂವರೆ, ಮತ್ತೆ ಕೆಂಪು. ಬಿಸಿಲಿಗೆ ಏನೋ ಹಿಗ್ಗುತ್ತೆ ಅಂತ ನಮ್ಮ ಇನ್‌ಸ್ಪೆಕ್ಟರ್ ಥಿಯರಿ. ಮೂರನೇ ದಿನ ಹನ್ನೊಂದೂವರೆಗೇ ಹೋಗಿ ಹೊಂಗೆ ಮರದ ಕೆಳಗೆ ಕೂತೆ. ಹನ್ನೆರಡೂಕಾಲಿಗೆ ಗ್ಯಾಂಗ್‌ಮನ್‌ಗಳು ಬಂದ್ರು, ಬೆವರು ಒರೆಸ್ಕೊಂಡ್ರು, ಕೈಲಿದ್ದ ಹಾರೆ ತಗೊಂಡು ಎರಡು ಹಳಿ ಮೇಲೂ ಅಡ್ಡ ಇಟ್ರು, ಹಾರೆಗೆ ಊಟದ ಡಬ್ಬಿಗಳನ್ನ ನೇತುಹಾಕಿದ್ರು, ಇರುವೆ ಹತ್ತಬಾರದು ಅಂತ! ಆರಡಿ ಹಾರೆ, ಐದೂವರೆ ಅಡಿ ಗೇಜು, ಕರೆಕ್ಟಾಗಿ ಕೂತಿತ್ತು. ನನ್ನ ಬೀಗದ ಕೈ ಇಲ್ಲಿ ಮಾಡಿದ ಕೆಲಸವೇ ಅಲ್ಲಿ ಆ ಹಾರೆ ಮಾಡ್ತಿತ್ತು. ಊಟ ಮುಗಿಯೋ ತನಕ ಆ ಸೆಕ್ಷನ್‌ನಲ್ಲಿ ನಮ್ಮ ಪಾಲಿಗೆ ಒಂದು ರೈಲು ನಿಂತಿರ್ತಿತ್ತು.

ಮುದ್ದೆ, ಹುರುಳಿಕಾಳು ಸಾರು. ನನಗೂ ಬಡಿಸಿದ್ರು, ಉಂಡು ಬಂದೆ.

ಇದು ತಮಾಷೆ ಫೇಲ್ಯೂರ್. ತಮಾಷೆ ಅಲ್ಲದ್ದೂ ಇದೆ, ಅದು ಕೆಂಪಾಗಬೇಕಾದಾಗ ಕೆಂಪಾಗದೇ ಇರೋದು. ನಮ್ಮ ಭಾಷೇಲಿ ಅನ್‌ಸೇಫ್ ಫೇಲ್ಯೂರ್. ಲಂಡನ್‌ನಲ್ಲಿ ಕ್ಲಾಪಂ ಜಂಕ್ಷನ್ ಅಂತ ಇದೆ, 1988ರ ಡಿಸೆಂಬರ್ 12, ಬೆಳಿಗ್ಗೆ ಆಫೀಸಿಗೆ ಹೋಗೋ ಜನ ತುಂಬಿದ ರೈಲುಗಳು ಡಿಕ್ಕಿ ಹೊಡೆದು 35 ಜನ ಸತ್ರು. ಕಾರಣ ಒಂದು ವೈರು. ರೀವೈರಿಂಗ್ ಕೆಲಸ ನಡೀತಿತ್ತು, ಹಳೇ ವೈರನ್ನ ಒಂದು ತುದೀಲಿ ಬಿಚ್ಚಿ, ಕತ್ತರಿಸದೆ, ಟೇಪ್ ಸುತ್ತದೆ ಹಾಗೇ ಪಕ್ಕಕ್ಕೆ ತಳ್ಳಿದ್ರು. ಅದು ವಾಪಸ್ ಬಾಗಿ ಹಳೇ ಜಾಗಕ್ಕೇ ತಾಗ್ತು, ರಿಲೇಗೆ ಸುಳ್ಳು ಕರೆಂಟ್ ಹೋಯ್ತು, ಎದುರಿಗೆ ರೈಲಿದ್ರೂ ಸಿಗ್ನಲ್ ಕೆಂಪಾಗಲಿಲ್ಲ. ಆ ಕೆಲಸ ಮಾಡಿದ ಟೆಕ್ನಿಷಿಯನ್ ಹದಿಮೂರು ವಾರದಲ್ಲಿ ಒಂದೇ ಒಂದು ದಿನ ರಜಾ ತಗೊಂಡಿದ್ದ ಅಂತ ವಿಚಾರಣೆಯಲ್ಲಿ ಹೊರಗೆ ಬಂತು. ಈ ಕೇಸ್ ನಮಗೆ ಟ್ರೇನಿಂಗಲ್ಲಿ ಹೇಳಿದಾಗ ಕ್ಲಾಸಲ್ಲಿ ಯಾರೂ ಉಸಿರೆತ್ತಲಿಲ್ಲ, ಯಾಕಂದ್ರೆ ಡಬಲ್ ಡ್ಯೂಟಿ ಮಾಡಿ ಕಣ್ಣು ಎಳೀತಿರುವಾಗ ವೈರ್ ಬಿಚ್ಚಿದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿತ್ತು.

ಆದ್ರೆ ನಾನು ಇವತ್ತು ನಿಜವಾಗಿ ಹೇಳೋಕೆ ಬಂದಿದ್ದು ಇವೆರಡರ ಮಧ್ಯದ್ದು. ಸಿಗ್ನಲ್ ಸರಿಯಾಗೇ ಕೆಟ್ಟು, ಸರಿಯಾಗೇ ರೈಲು ನಿಲ್ಲಿಸಿದ ಮೇಲೆ ಏನಾಗುತ್ತೆ ಅನ್ನೋದು. ಅಲ್ಲಿಯವರೆಗೂ ಮಿಷನ್ ಕಾಯ್ತಾ ಇತ್ತು, ಈಗ ಮನುಷ್ಯ ಕೈಗೆ ತಗೋತಾನೆ. ಒಂದು ಕಡೆ ಸಾವಿರಾರು ಜನ ಕಾಯ್ತಾ ಇದಾರೆ, ಇನ್ನೊಂದು ಕಡೆ ಕಂಟ್ರೋಲಿಂದ ಐದೈದು ನಿಮಿಷಕ್ಕೆ ಫೋನು.

ಶಾಂಘೈ ಮೆಟ್ರೋ ಲೈನ್ 10, ಸೆಪ್ಟೆಂಬರ್ 27, 2011. ಒಂದು ಸ್ಟೇಷನ್ನಿನ ಸಿಗ್ನಲ್ ಉಪಕರಣಕ್ಕೆ ಕರೆಂಟ್ ಹೋಯ್ತು, ರೈಲುಗಳು ನಿಂತ್ವು, ಅಲ್ಲಿಗೆ ಎಲ್ಲಾ ಸೇಫ್. ಆಮೇಲೆ ಫೋನಲ್ಲಿ ಹೇಳಿ ಹೇಳಿ ರೈಲು ಬಿಡೋಕೆ ಶುರು ಮಾಡಿದ್ರು. ಮುಂದೆ ಒಂದು ರೈಲು ನಿಂತಿದೆ ಅನ್ನೋದನ್ನ ಸರಿಯಾಗಿ ನೋಡ್ಕೊಳ್ಳದೆ ಹಿಂದಿನದನ್ನ ಬಿಟ್ರು. 250ಕ್ಕೂ ಹೆಚ್ಚು ಜನಕ್ಕೆ ಪೆಟ್ಟು. ಸಾವು ಆಗಲಿಲ್ಲ, ಪುಣ್ಯ.

ದೂರ ಯಾಕೆ, ನಮ್ಮ ಹೊಸದುರ್ಗ ರೋಡ್. ಬೀರೂರು ಚಿಕ್ಕಜಾಜೂರು ಮಧ್ಯೆ ಬರುತ್ತಲ್ಲ. 2023ರ ಫೆಬ್ರವರಿ 8ರಂದು ಅಲ್ಲಿ ಉಪಕರಣ ಕೈಕೊಟ್ಟಿತ್ತು ಅಂತ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಕಾಗದದ ಮೇಲೆ ಪರ್ಮಿಷನ್ ಬರೆದುಕೊಟ್ಟು ಹೊರಡಿಸಿದ್ರು. ಹೊರಟ ಮೇಲೆ ನೋಡಿದ್ರೆ ಪಾಯಿಂಟ್, ಅಂದ್ರೆ ರೈಲನ್ನ ಒಂದು ಲೈನಿಂದ ಇನ್ನೊಂದಕ್ಕೆ ಹೊರಳಿಸೋ ಹಳಿ, ಬೇರೆ ಲೈನಿಗೆ ತಿರುಗಿದೆ. ಲೋಕೋ ಪೈಲಟ್ ಕಣ್ಣು ಚುರುಕಾಗಿತ್ತು, ರೈಲು ನಿಲ್ಲಿಸಿದ. ಏನೂ ಆಗಲಿಲ್ಲ ಅಂತ ಅದು ಯಾರ ಬಾಯಲ್ಲೂ ಉಳೀಲಿಲ್ಲ. ಅದಾದ ಮೇಲೆ ಒಬ್ಬ ಹಿರಿಯ ಅಧಿಕಾರಿ, ಸಿಗ್ನಲ್ ಉಪಕರಣವನ್ನ ನಿಯಮ ಪ್ರಕಾರ ಡಿಸ್‌ಕನೆಕ್ಟ್ ಮಾಡದೆ ಮುಟ್ಟೋದು ನಿಲ್ಲಬೇಕು, ಇಲ್ಲದಿದ್ರೆ ದೊಡ್ಡ ಅಪಘಾತ ಆಗುತ್ತೆ ಅನ್ನೋ ಅರ್ಥದಲ್ಲಿ ಪತ್ರ ಬರೆದಿದ್ರು. ನಾಲ್ಕು ತಿಂಗಳು ಆಗಿರಲಿಲ್ಲ, ಜೂನ್ 2, ಒಡಿಶಾದ ಬಹನಾಗ ಬಜಾರ್. 290ಕ್ಕೂ ಹೆಚ್ಚು ಸಾವು. ಸಿಗ್ನಲ್ ಸರ್ಕ್ಯೂಟಿನ ವೈರಿಂಗ್ ಬದಲಾಯಿಸುವಾಗ ಆದ ಲೋಪ ಅಂತ ತನಿಖೆ ಹೇಳ್ತು.

ನಾನೇನು ಸಾಚಾ ಅಲ್ಲ. ಹೊಸದಾಗಿ ಸೇರಿದ್ದೆ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಒಂದು ರಾತ್ರಿ ಪಾಯಿಂಟ್ ಡಿಟೆಕ್ಷನ್ ಬರ್ತಾ ಇಲ್ಲ, ಅಂದ್ರೆ ಪಾಯಿಂಟ್ ತಿರುಗಿ ಕೂತಿದೆ ಅಂತ ರಿಲೇ ರೂಮಿಗೆ ಸುದ್ದಿ ಮುಟ್ತಿಲ್ಲ. ಹೊರಗೆ ಜೋರು ಮಳೆ, ಹೋಂ ಸಿಗ್ನಲ್ ಹತ್ರ ಒಂದು ಪ್ಯಾಸೆಂಜರ್ ರೈಲು ನಿಂತಿದೆ, ಮಕ್ಕಳು ಮರಿ. ಡ್ಯೂಟಿಯಲ್ಲಿದ್ದ ಮಾಸ್ಟರ್ ಮೆಲ್ಲಗೆ ಹತ್ರ ಬಂದು, "ನೋಡಪ್ಪ, ಪಾಯಿಂಟ್ ಸರಿಯಾಗಿದೆ ಅಂತ ನಿನಗೂ ಗೊತ್ತು ನನಗೂ ಗೊತ್ತು, ಒಂದು ತುಂಡು ವೈರ್ ಹಾಕ್ಬಿಡು, ಐದೇ ನಿಮಿಷ" ಅಂದ್ರು. ಅಂದ್ರೆ ಪಾಯಿಂಟ್ ಕೂತಿದೆ ಅಂತ ರಿಲೇಗೆ ಸುಳ್ಳು ಕರೆಂಟ್ ಕೊಡೋದು. ವೈರ್ ನನ್ನ ಜೇಬಲ್ಲೇ ಇತ್ತು. ಎರಡು ತುದಿನೂ ಸುಲಿದು ರೆಡಿ ಮಾಡ್ಕೊಂಡಿದ್ದೆ, ಸತ್ಯ ಹೇಳ್ತೀನಿ. ನಮ್ಮ ಹಿರಿಯ ಮೇಂಟೇನರ್ ಒಬ್ರು ಬಾಗಿಲಲ್ಲಿ ನೆನೀತಾ ನಿಂತಿದ್ರು, ಬೈಲಿಲ್ಲ, "ಹಾಕೋದಾದ್ರೆ ಹಾಕು ಮಗ, ಆದ್ರೆ ಮೊದಲು ಹೋಗಿ ಪಾಯಿಂಟ್ ಮುಟ್ಟಿ ನೋಡ್ಕೊಂಡು ಬಾ" ಅಂದ್ರು ಅಷ್ಟೇ. ಬೈಕೊಂಡು ಹೋದೆ. ಟಾರ್ಚ್ ಬಿಟ್ಟು ನೋಡಿದ್ರೆ ಜಲ್ಲಿಕಲ್ಲು ಒಂದು ಮಧ್ಯೆ ಸಿಕ್ಕಿ ಪಾಯಿಂಟ್ ಬಾಯಿ ಬಿಟ್ಕೊಂಡು ನಿಂತಿತ್ತು. ಒಂದು ಬೆರಳು ತೂರೋ ಅಷ್ಟು ಸಂದು. ಆ ಕಲ್ಲು ತೆಗೆದು ಕ್ರ್ಯಾಂಕ್ ಹ್ಯಾಂಡಲ್ ಹಾಕಿ ತಿರುಗಿಸಿ ಕ್ಲಾಂಪ್ ಮಾಡಿ ಪ್ಯಾಡ್‌ಲಾಕ್ ಹಾಕಿ ಬರೋಕೆ ಮುಕ್ಕಾಲು ಗಂಟೆ ಹಿಡೀತು. ರೈಲಲ್ಲಿದ್ದ ಜನ ನಮ್ಮ ವಂಶವನ್ನೆಲ್ಲಾ ಜಾಲಾಡಿರ್ತಾರೆ.

ಸರಿ, ನಮ್ಮೂರಿಗೆ ಬರೋಣ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಶುರುವಾದಾಗ ನಮ್ಮ ಮೆಟ್ರೋ 6.7 ಕಿಲೋಮೀಟರ್. ಜನ ಪಿಕ್‌ನಿಕ್‌ಗೆ ಬಂದ ಹಾಗೆ ಫ್ಯಾಮಿಲಿ ಸಮೇತ ಬರ್ತಿದ್ರು, ನಾನೂ ನಮ್ಮಮ್ಮನ್ನ ಕರ್ಕೊಂಡು ಹೋಗಿದ್ದೆ, ಅವರಿಗೆ ರೈಲಿಗಿಂತ ಎಸ್ಕಲೇಟರೇ ದೊಡ್ಡ ಸಾಹಸ. ಇವತ್ತು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪರ್ಪಲ್ ಲೈನ್ ಒಂದೇ 43 ಕಿಲೋಮೀಟರ್ ದಾಟಿದೆ, 2023ರ ಅಕ್ಟೋಬರಲ್ಲಿ ಪೂರ್ತಿ ಆಯ್ತು. 6.7 ಕಿಲೋಮೀಟರ್ ಇದ್ದಾಗ ರೈಲು ನಿಂತ್ರೆ ಪೇಪರಲ್ಲಿ ಒಂದು ಫೋಟೋ. ಈಗ ನಿಂತ್ರೆ ಅರ್ಧ ಊರಿನ ಆಫೀಸು ಲೇಟು.

ಮೆಟ್ರೋದಲ್ಲಿ ಡ್ರೈವರ್ ದೀಪ ನೋಡ್ಕೊಂಡು ಓಡಿಸೋದಲ್ಲ. ಪರ್ಪಲ್, ಗ್ರೀನ್ ಮೊದಲು ಕಟ್ಟಿದಾಗ ಹಾಕಿದ್ದು 'ಡಿಸ್ಟನ್ಸ್ ಟು ಗೋ' ಅಂತ ಪದ್ಧತಿ, ಮುಂದೆ ಎಷ್ಟು ದೂರ ಖಾಲಿ ಇದೆ ಅಂತ ರೈಲಿನ ಒಳಕ್ಕೇ ಸುದ್ದಿ ಬರುತ್ತೆ, ಅದಕ್ಕೆ ತಕ್ಕ ಹಾಗೆ ಸ್ಪೀಡು. ಯೆಲ್ಲೋ ಲೈನಲ್ಲಿರೋದು ಸಿಬಿಟಿಸಿ, ಅಲ್ಲಿ ರೈಲೇ 'ನಾನು ಇಲ್ಲಿದೀನಿ, ನಾನು ಇಲ್ಲಿದೀನಿ' ಅಂತ ರೇಡಿಯೋದಲ್ಲಿ ಕೂಗ್ತಾ ಹೋಗುತ್ತೆ. ಎರಡರಲ್ಲೂ ಸುದ್ದಿ ನಿಂತ್ರೆ ಬ್ರೇಕ್. ಆಮೇಲೆ ಡ್ರೈವರ್ ಕಂಟ್ರೋಲ್ ರೂಮಿಗೆ ಮಾತಾಡಿ, ಅವರು ಮುಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಮ್ಯಾನುಯಲ್ ಮೋಡಲ್ಲಿ ನಿಧಾನಕ್ಕೆ ಬಾ ಅಂತಾರೆ. ಆಟೋರಿಕ್ಷಾ ಸ್ಪೀಡು.

ಈಗ ಸ್ವಲ್ಪ ಲೆಕ್ಕ. ಪೀಕ್ ಅವರಲ್ಲಿ ನಾಲ್ಕು ನಿಮಿಷಕ್ಕೊಂದು ರೈಲು ಅಂತ ಇಟ್ಕೊಳ್ಳಿ. ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ಬಂದ್ ಆದ್ರೆ ಹಿಂದೆ ಐದು ರೈಲು ಸಾಲಾಗಿ ನಿಲ್ತವೆ. ಆರು ಬೋಗಿಗೆ ಒತ್ತಿ ತುಂಬಿದ್ರೆ ಹತ್ರ ಹತ್ರ 2000 ಜನ, ಐದಕ್ಕೆ ಹತ್ತು ಸಾವಿರ, ಇದು ಒಂದೇ ದಿಕ್ಕಿನ ಲೆಕ್ಕ. ಇಪ್ಪತ್ತೊಂದನೇ ನಿಮಿಷಕ್ಕೆ ಸಿಗ್ನಲ್ ಸರಿಹೋಯ್ತು, ಆದ್ರೆ ಮೆಜೆಸ್ಟಿಕ್‌ನಲ್ಲಿ ಅಷ್ಟೊತ್ತಿಗೆ ಪ್ಲಾಟ್‌ಫಾರ್ಮ್ ತುಂಬಿ ಮೆಟ್ಟಿಲ ಮೇಲೆ ಜನ. ಮೊದಲ ರೈಲಿಗೇ ಎಲ್ರೂ ನುಗ್ತಾರೆ, ಬಾಗಿಲು ಮುಚ್ಚಲ್ಲ, ಒಂದು ಬ್ಯಾಗ್ ಸಿಕ್ಕಿಕೊಳ್ಳುತ್ತೆ, ಮತ್ತೆ ತೆಗೀತಾರೆ, ಪ್ರತಿ ಸ್ಟೇಷನ್ನಲ್ಲೂ ಅರ್ಧರ್ಧ ನಿಮಿಷ ಜಾಸ್ತಿ. ಆ ರೈಲಿನ ಹಿಂದಿಂದು ಖಾಲಿ ಓಡುತ್ತೆ. ಸಿಗ್ನಲ್ ಇಪ್ಪತ್ತು ನಿಮಿಷ ಕೆಟ್ಟಿದ್ದಕ್ಕೆ ಲೈನು ಸರಿದಾರಿಗೆ ಬರೋಕೆ ಎರಡು ಗಂಟೆ ಹಿಡಿದ್ರೂ ಆಶ್ಚರ್ಯ ಇಲ್ಲ. ಹೊರಗೆ ಆಟೋದವರ ರೇಟು ಮಾತ್ರ ಎರಡೇ ನಿಮಿಷಕ್ಕೆ ಮೇಲೆ ಹೋಗಿರುತ್ತೆ, ಅವರ ಸಿಗ್ನಲ್ ಯಾವತ್ತೂ ಫೇಲ್ ಆಗಿಲ್ಲ.

ರೈಲು ಕಮ್ಮಿ ಇದ್ದಷ್ಟೂ ಏಟು ಜಾಸ್ತಿ. 2025ರ ಆಗಸ್ಟಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಯೆಲ್ಲೋ ಲೈನ್ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಅಂಥ ಕಡೆ ಒಂದು ರೈಲಿಗೆ ನೆಗಡಿ ಬಂದ್ರೂ ಸರ್ವಿಸಲ್ಲಿ ಮೂರರಲ್ಲೊಂದು ಪಾಲು ಮಲಗುತ್ತೆ.

ರೇಡಿಯೋ ಅಂದೆ ಅಲ್ವಾ, ಅದರದೊಂದು ಕಥೆ ಹೇಳಲೇಬೇಕು, ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. 2016ರಲ್ಲಿ ಸಿಂಗಾಪುರದ ಸರ್ಕಲ್ ಲೈನಲ್ಲಿ ತಿಂಗಳುಗಟ್ಟಲೆ ರೈಲುಗಳು ಸುಮ್ ಸುಮ್ನೆ ಎಮರ್ಜೆನ್ಸಿ ಬ್ರೇಕ್ ಹಾಕ್ತಿದ್ವು. ಅದು ಡ್ರೈವರ್ ಇಲ್ಲದ ಲೈನು. ಎಲ್ಲಿ, ಯಾವಾಗ, ಯಾವ ರೈಲು, ಏನೂ ಹೊಂದಿಕೆ ಇಲ್ಲ. ಕೊನೆಗೆ ಸರ್ಕಾರದ ಡೇಟಾ ನೋಡೋ ಹುಡುಗರು ಎಲ್ಲಾ ಘಟನೆಗಳನ್ನ ಟೈಮು ಒಂದು ಕಡೆ, ಸ್ಟೇಷನ್ ಒಂದು ಕಡೆ ಹಾಕಿ ಗ್ರಾಫ್ ಬರೆದ್ರು. ಚುಕ್ಕೆಗಳು ಓರೆಯಾಗಿ ಸಾಲು ಕಟ್ಟಿದ್ವು. ಒಂದಾದ ಮೇಲೊಂದು ರೈಲು ಕೆಡ್ತಾ ಹೋಗಿದೆ, ಎದುರು ದಿಕ್ಕಿನಿಂದ ಏನೋ ಹಾದುಹೋದ ಹಾಗೆ. ಹುಡುಕಿದ್ರೆ ಪಿವಿ 46 ಅನ್ನೋ ಒಂದು ರೈಲು. ಅದು ತಾನು ಚೆನ್ನಾಗೇ ಓಡ್ತಿತ್ತು, ಪಕ್ಕದಲ್ಲಿ ಹಾದುಹೋದ ರೈಲುಗಳ ಸಿಗ್ನಲ್ ಕೆಡಿಸ್ತಿತ್ತು. ಮದುವೆ ಮನೇಲಿ ಕೆಲವು ನೆಂಟರಿರ್ತಾರಲ್ಲ, ಅವರು ಹೋದ ಕಡೆಯೆಲ್ಲ ಜಗಳ, ಅವರು ಮಾತ್ರ ಪಾಯಸ ಕುಡೀತಾ ಕೂತಿರ್ತಾರೆ, ಆ ಥರ.

ಪ್ರಯಾಣಿಕರಿಗೆ ಒಂದೇ ಮಾತು. ರೈಲು ಮಧ್ಯದಲ್ಲಿ ನಿಂತ್ರೆ ಬಾಗಿಲಿನ ಎಮರ್ಜೆನ್ಸಿ ಹ್ಯಾಂಡಲ್‌ಗೆ ಕೈ ಹಾಕ್ಬೇಡಿ. ನಮ್ಮ ಮೆಟ್ರೋಗೆ ಮೇಲೆ ತಂತಿ ಇಲ್ಲ, ನೋಡಿರ್ತೀರಿ, ಕರೆಂಟ್ ಬರೋದು ಹಳಿ ಪಕ್ಕದ ಮೂರನೇ ಹಳಿಯಲ್ಲಿ, 750 ವೋಲ್ಟ್. ಒಬ್ಬ ಕೆಳಗಿಳಿದ್ರೆ ಅವನ ಜೀವ ಉಳಿಸೋಕೆ ಆ ಸೆಕ್ಷನ್ನಿನ ಕರೆಂಟ್ ತೆಗೀಬೇಕು, ಆಗ ಚೆನ್ನಾಗಿದ್ದ ರೈಲುಗಳೂ ನಿಲ್ತವೆ. ಹತ್ತು ನಿಮಿಷದ್ದು ಒಂದು ಗಂಟೆ ಆಗುತ್ತೆ.

ಆದ್ರೆ ಜನ ಯಾಕೆ ಹ್ಯಾಂಡಲ್‌ಗೆ ಕೈ ಹಾಕ್ತಾರೆ? ಏನೂ ಗೊತ್ತಾಗಲ್ಲ, ಅದಕ್ಕೆ. ಕತ್ತಲೆ, ಸೆಕೆ, ಒಂದು ಮಗು ಅಳ್ತಿದೆ, ಮೈಕಲ್ಲಿ ರೆಕಾರ್ಡ್ ಮಾಡಿದ ಹೆಣ್ಣು ದನಿ ಮೂರು ಭಾಷೇಲಿ 'ಅಡಚಣೆಗಾಗಿ ವಿಷಾದಿಸುತ್ತೇವೆ' ಅಂತಿದೆ. ವಿಷಾದ ತಗೊಂಡು ಏನ್ಮಾಡ್ಲಿ? "ಮುಂದಿನ ಪಾಯಿಂಟ್ ಕೂರ್ತಾ ಇಲ್ಲ, ಜನ ಹೋಗಿ ಕೈಯಲ್ಲಿ ತಿರುಗಿಸ್ತಿದಾರೆ, ಹದಿನೈದು ನಿಮಿಷ ಆಗಬಹುದು, ಆಗದಿದ್ರೆ ಹದಿನೈದನೇ ನಿಮಿಷಕ್ಕೆ ಮತ್ತೆ ಮಾತಾಡ್ತೀನಿ" ಅಂತ ಡ್ರೈವರ್ ಬಾಯಿಂದ ಬರಲಿ, ಯಾವ ರೈಲೇ ಇರಲಿ ಜನ ಕೂರ್ತಾರೆ. ನನ್ನ ತಂಗಿ ಮಗನ ರೈಲಲ್ಲಿ ಯಾರಾದ್ರೂ ಇಷ್ಟು ಹೇಳಿದ್ರೆ ಅವನು ನನಗೆ ಫೋನೇ ಮಾಡ್ತಿರಲಿಲ್ಲ. ಸಿಗ್ನಲ್ ಇಲಾಖೆಗೆ 150 ವರ್ಷದಿಂದ ಗೊತ್ತು, ಸುದ್ದಿ ಬರದಿದ್ರೆ ಕೆಟ್ಟದ್ದೇ ಆಗಿದೆ ಅಂತ ತಿಳ್ಕೋಬೇಕು ಅಂತ. ಪ್ರಯಾಣಿಕನೂ ಹಾಗೇ ತಿಳ್ಕೋತಾನೆ, ಅವನಲ್ಲೇನು ತಪ್ಪು?

ಮುಂದಿನ ಸಾಲಲ್ಲಿ ಒಬ್ಬ ಹೆಣ್ಣುಮಗಳು ಆಗಲೇ ಕೇಳಿದ್ರು, ಲೇಟಾದ್ರೆ ಆಫೀಸಲ್ಲಿ ಮ್ಯಾನೇಜರ್ ನಂಬಲ್ಲ, ಏನ್ಮಾಡೋದು ಅಂತ. ಜಪಾನಲ್ಲಿ ಐದು ನಿಮಿಷ ತಡ ಆದ್ರೂ ರೈಲಿನವರು ಚೀಟಿ ಕೊಡ್ತಾರಮ್ಮ, ತಡ ಆಗಿದ್ದು ನಿಜ ಅಂತ, ಅದನ್ನ ಆಫೀಸಲ್ಲಿ, ಸ್ಕೂಲಲ್ಲಿ ತೋರಿಸಬಹುದು. ಲಂಡನ್ ಮೆಟ್ರೋದಲ್ಲಿ ಅವರ ಕಾರಣಕ್ಕೆ ಹದಿನೈದು ನಿಮಿಷ ದಾಟಿ ತಡ ಆದ್ರೆ ಟಿಕೆಟ್ ದುಡ್ಡು ವಾಪಸ್ ಕೇಳಬಹುದು. ದುಡ್ಡಿಗಿಂತ ನನಗೆ ಆ ಚೀಟಿ ಇಷ್ಟ. ಚೀಟಿ ಕೊಡ್ಬೇಕು ಅಂದ್ರೆ ಎಷ್ಟು ನಿಮಿಷ ತಡ ಆಯ್ತು ಅಂತ ಅವರೇ ಬರೀಬೇಕಲ್ಲ, ಒಪ್ಪಿಕೊಂಡ ಹಾಗಾಯ್ತು.

ಹಿಂದಿಂದ ಏನೋ ಕೇಳ್ತಿದಾರೆ. ಹ್ಞಾಂ? ಆ ಹಾರೆ ಕೇಸಲ್ಲಿ ಫೇಲ್ಯೂರ್ ರಿಜಿಸ್ಟರಲ್ಲಿ ಏನ್ ಬರೆದೆ ಅಂತಾನಾ? ಒಳ್ಳೇ ಜಾಗಕ್ಕೇ ಕೈ ಹಾಕಿದ್ರಿ. ಇದ್ದದ್ದು ಇದ್ದ ಹಾಗೆ ಬರೆದಿದ್ರೆ ಆ ನಾಲ್ಕೂ ಜನಕ್ಕೆ ಚಾರ್ಜ್‌ಶೀಟ್ ಬರ್ತಿತ್ತು, ಅವರ ಮನೆ ಮುದ್ದೆ ನನ್ನ ಹೊಟ್ಟೇಲಿತ್ತು. 'ತಾಂತ್ರಿಕ ದೋಷ, ಸರಿಪಡಿಸಲಾಗಿದೆ' ಅಂತ ಬರೆದು ಸೈನ್ ಹಾಕಿದೆ.